ಶ್ರೇಯಸ್ಸು ಇಬ್ಬರಿಗೂ ಸಲ್ಲಬೇಕು

ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಅವರ ಉಡುಪುಗಳ ಕುರಿತ ಈ ಲೇಖನ ಸೊಗಸಾಗಿದೆ. ಆದರೆ 1954ರ ‘ಸಬ್ರಿನಾ’ ಚಿತ್ರದ ವಸ್ತ್ರವಿನ್ಯಾಸವನ್ನು ಸಂಪೂರ್ಣವಾಗಿ ಹಾಲಿವುಡ್‌ನ ವಸ್ತ್ರವಿನ್ಯಾಸಕಿ ಎಡಿತ್ ಹೆಡ್ ಅವರದೆಂದು ಬರೆದಿರುವುದಕ್ಕೆ ನನ್ನ ಆಕ್ಷೇಪವಿದೆ. ಕಾರು ಚಾಲಕನ ಮಗಳಾದ ನಾಯಕಿ ಅಡುಗೆ ಕಲಿಯಲು ಪ್ಯಾರಿಸ್ಸಿಗೆ ಹೋಗಿ, ಗುರುತೇ ಸಿಗದಷ್ಟು ಬದಲಾಗಿ ಮರಳುವ ಕಥೆ ಅದು; ಹಾಗೆ ಮರಳಿದ ಮೇಲೆ ಅವಳು ತೊಡುವ ಮುಖ್ಯ ಉಡುಪುಗಳು ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಯೂಬೆರ್ ದ ಜಿವಾಂಶಿ ಅವರ ಸಂಗ್ರಹದಿಂದ ಬಂದವು. ಅವುಗಳನ್ನು ಆರಿಸಲು 1953ರಲ್ಲಿ ಸ್ವತಃ ಆಡ್ರಿ ಅವರೇ ಅಲ್ಲಿಗೆ ಹೋಗಿದ್ದರು. (ಹೆಪ್‌ಬರ್ನ್ ಎಂಬ ಹೆಸರು ಕೇಳಿ ಜಿವಾಂಶಿ ಅವರು ಇನ್ನೊಬ್ಬ ಹಾಲಿವುಡ್ ನಟಿ ಕ್ಯಾಥರೀನ್ ಹೆಪ್‌ಬರ್ನ್ ಬರುತ್ತಾರೆಂದು ಕಾದಿದ್ದರಂತೆ!)

ಔತಣಕೂಟದ ದೃಶ್ಯದ ಬಿಳಿಯ ಗೌನನ್ನೇ ಗಮನಿಸಿ. ಭುಜಪಟ್ಟಿಯಿಲ್ಲದ, ಮೈಗೊಪ್ಪುವ ಆ ಉಡುಪಿನ ಮೇಲೆ ಕಪ್ಪು ದಾರದ ಹೂವಿನ ಕಸೂತಿಯಿದೆ, ಹಿಂದೆ ನೆಲಕ್ಕೆ ತಾಗುವಂತೆ ಇಳಿಬಿದ್ದ ಸೆರಗಿನಂಥ ಬಟ್ಟೆಯಿದೆ. ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಆ ಕಸೂತಿ ಎದ್ದು ಕಾಣುವುದರಿಂದ, ಚಾಲಕನ ಮಗಳು ಸಿರಿವಂತರ ನಡುವೆ ಬೇರೆಯೇ ಆಗಿ ನಿಲ್ಲುವುದನ್ನು ಸಂಭಾಷಣೆಯ ನೆರವಿಲ್ಲದೆ ಪ್ರೇಕ್ಷಕರು ಗ್ರಹಿಸುತ್ತಾರೆ. ಭುಜದ ಮೇಲೆ ಪುಟ್ಟ ಗಂಟು ಕಟ್ಟಿದ ಕಪ್ಪು ಉಡುಪಂತೂ ಎಷ್ಟು ಜನಪ್ರಿಯವಾಯಿತೆಂದರೆ, ಆ ಬಗೆಯ ಕತ್ತಿನ ವಿನ್ಯಾಸಕ್ಕೆ ಚಿತ್ರದ ಹೆಸರೇ ಅಂಟಿಕೊಂಡಿತು.

ಹೆಡ್ ಅವರ ಪ್ರತಿಭೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ; ಎಂಟು ಆಸ್ಕರ್ ಗೆದ್ದವರಿಗೆ ನನ್ನ ಪ್ರಮಾಣಪತ್ರ ಬೇಕಿಲ್ಲ. ಆದರೆ ಕಪ್ಪು-ಬಿಳುಪು ಚಿತ್ರಗಳ ವಸ್ತ್ರವಿನ್ಯಾಸ ವಿಭಾಗದಲ್ಲಿ ಈ ಚಿತ್ರಕ್ಕೆ ಸಂದ ಆಸ್ಕರ್ ಅವರೊಬ್ಬರ ಪಾಲಾಯಿತು, ಜಿವಾಂಶಿ ಅವರ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿಯೂ ಕಾಣಿಸಲಿಲ್ಲ. 1957ರ ‘ಫನ್ನಿ ಫೇಸ್’ ಚಿತ್ರಕ್ಕೆ ಇಬ್ಬರೂ ಜೊತೆಯಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಲೇಖಕರು ಈ ಅಂಶವನ್ನು ತಿದ್ದುಪಡಿಯಾಗಿ ಸೇರಿಸಬೇಕೆಂದು ವಿನಂತಿಸುತ್ತೇನೆ.