ಪ್ಯಾಕು ಆರು, ಪ್ಯಾಕೆಟ್ಟು ನೂರಾರು

ಈಗ ನಮ್ಮ ಊರುಗಳಲ್ಲಿ ಎರಡೇ ಜಾತಿಯ ಹೊಟ್ಟೆಗಳು ಉಳಿದಿವೆ. ಒಂದು ಬಿಫೋರ್, ಇನ್ನೊಂದು ಆಫ್ಟರ್. ಮೊಬೈಲ್ ತೆಗೆದರೆ ಎರಡೂ ಅಕ್ಕಪಕ್ಕ ನಿಂತಿರುತ್ತವೆ. ಬಿಫೋರ್ ಹೊಟ್ಟೆಯ ಯಜಮಾನನ ಮುಖದಲ್ಲಿ ಕಳೆಯೇ ಇಲ್ಲ. ಮೇಲೆ ಟ್ಯೂಬ್‌ಲೈಟು, ಹಿಂದೆ ಒಣಗಲು ಹಾಕಿದ ಟವೆಲ್ಲು, ಪ್ಯಾಂಟು ಹೊಕ್ಕುಳಿನವರೆಗೆ. ಆಫ್ಟರ್‌ನಲ್ಲಿ ಅದೇ ಮನುಷ್ಯ. ಬೆಳಕು ಮೇಲಿಂದ ಓರೆಯಾಗಿ ಬಿದ್ದಿದೆ. ಮೈಗೆ ಎಣ್ಣೆ ಸವರಿದ್ದಾರೆ. ಪ್ಯಾಂಟು ಎರಡು ಇಂಚು ಇಳಿದಿದೆ. ಉಸಿರು ಬಿಗಿ ಹಿಡಿದಿದ್ದಾನೆ, ಆದರೂ ನಗುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ '12 ವಾರ' ಅಂತಿದೆ. ಅದರಲ್ಲಿ ಎಷ್ಟು ವಾರ ಊಟದ್ದು, ಎಷ್ಟು ವಾರ ಲೈಟಿನದ್ದು ಅಂತ ಮಾತ್ರ ಬಿಡಿಸಿ ಹೇಳಿಲ್ಲ.

ಅಷ್ಟಕ್ಕೂ ಇಷ್ಟು ಗಲಾಟೆ ಯಾವುದಕ್ಕೆ? ಸಿಕ್ಸ್ ಪ್ಯಾಕ್‌ಗೆ. ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನಿಂದ ಸೊಂಟದ ಕೆಳಗಿನ ಮೂಳೆವರೆಗೆ ಉದ್ದಕ್ಕೆ ಹಬ್ಬಿದ ಒಂದು ಜೋಡಿ ಸ್ನಾಯು ಇದೆ. ವೈದ್ಯರು ಅದನ್ನು ರೆಕ್ಟಸ್ ಅಬ್ಡಾಮಿನಿಸ್ ಅನ್ನುತ್ತಾರೆ. ಅದಕ್ಕೆ ಅಡ್ಡಡ್ಡ ನಾರಿನ ಪಟ್ಟಿಗಳಿವೆ. ಪಟ್ಟಿಗಳ ನಡುವೆ ಉಬ್ಬಿ ಕಾಣುವುದೇ ಪ್ಯಾಕು. ಪಟ್ಟಿ ಎಷ್ಟು, ನೇರವೋ ಸೊಟ್ಟವೋ ಅನ್ನೋದೆಲ್ಲ ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಕೆಲವರಿಗೆ ನಾಲ್ಕು ಪ್ಯಾಕು, ಕೆಲವರಿಗೆ ಎಂಟು. ಟ್ರೈನರ್‌ಗೆ ಡಬಲ್ ಫೀಸು ಕೊಟ್ಟರೂ ನಾಲ್ಕರವನು ನಾಲ್ಕರವನೇ. ಮತ್ತೆ ಈ ಸ್ನಾಯು ಎಲ್ಲರಿಗೂ ಇದೆ. ಸೊಪ್ಪು ಮಾರುವ ಅಜ್ಜಿಗೂ ಇದೆ, ತಹಶೀಲ್ದಾರರಿಗೂ ಇದೆ. ಕೊಬ್ಬಿನ ಕೌದಿ ಹೊದ್ದು ಮಲಗಿದೆ, ಅಷ್ಟೆ.

ಕೌದಿ ಸರಿಸಬೇಕಾದರೆ ಗಂಡಸರ ಮೈಕೊಬ್ಬು ಸುಮಾರು 10-12%ಕ್ಕೆ ಇಳಿಯಬೇಕು. ಹೆಂಗಸರಲ್ಲಿ 20%ರ ಕೆಳಗೆ ಹೋದರೆ ಕಾಣತೊಡಗುತ್ತದೆ. ಅವರು ಇನ್ನೂ ಇಳಿಸ್ತೀನಿ ಅಂತ ಊಟ ಪೂರ್ತಿ ಕಡಿದರೆ ತಿಂಗಳ ಮುಟ್ಟೇ ತಪ್ಪಬಹುದು. ಮಲಗಿ ಎದೆ ಎತ್ತುವ ಕ್ರಂಚಸ್ ಅನ್ನೋ ವ್ಯಾಯಾಮವನ್ನು ದಿನಕ್ಕೆ 500 ಸಲ ಹೊಡೆದರೂ ಹೊಟ್ಟೆಯ ಕೊಬ್ಬು ಮಾತ್ರ ಆಯ್ದು ಕರಗಲ್ಲ. ಕೊಬ್ಬು ಮೈಯೆಲ್ಲ ಸೇರಿ ಕರಗುತ್ತದೆ. ಮೊದಲು ಎಲ್ಲಿಂದ ಅನ್ನೋದನ್ನು ಮೈಯೇ ತೀರ್ಮಾನಿಸುತ್ತದೆ. ನಮ್ಮ ಗಂಡಸರಲ್ಲಿ ಸಾಮಾನ್ಯವಾಗಿ ಮುಖ ಮೊದಲು ಬತ್ತುತ್ತದೆ, ಹೊಟ್ಟೆ ಕೊನೆಗೆ. ಹಾಗಾಗಿ ಮಧ್ಯದ ಎರಡು ಮೂರು ತಿಂಗಳು ಎಲ್ಲರೂ 'ಏನಪ್ಪಾ, ಹುಷಾರಿಲ್ವಾ?' ಅಂತ ಕೇಳುತ್ತಿರುತ್ತಾರೆ.

ದಾರಿ ಏನು ಅಂತ ಕೇಳಿದರೆ ಅದೂ ಗುಟ್ಟಲ್ಲ. ಖರ್ಚಾಗುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಕಮ್ಮಿ ತಿನ್ನಬೇಕು. ಪ್ರೋಟೀನ್ ಕಮ್ಮಿ ಮಾಡಬಾರದು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ವಾರಕ್ಕೆ ಮೂರು ನಾಲ್ಕು ದಿನ ಭಾರ ಎತ್ತಬೇಕು. ರಾತ್ರಿ ಸರಿಯಾಗಿ ನಿದ್ದೆ ಮಾಡಬೇಕು. ಹೀಗೆ ತಿಂಗಳುಗಟ್ಟಲೆ. ಹೊಸದಾಗಿ ಶುರು ಮಾಡಿದವರಿಗೆ ಸ್ನಾಯು ಬೆಳೆಯುತ್ತಾ ಕೊಬ್ಬು ಇಳಿಯುವ ಭಾಗ್ಯವೂ ಇದೆ. ಹಳಬರಿಗೆ ಅದು ಬಲು ನಿಧಾನ. ಅದಕ್ಕೇ ಅವರು ಆರು ತಿಂಗಳು ಬಲ್ಕಿಂಗ್ ಅಂತ ತಿಂದು, ಆಮೇಲೆ ಕಟಿಂಗ್ ಅಂತ ಉಪವಾಸ ಬೀಳುತ್ತಾರೆ. ನಮ್ಮಲ್ಲಿ ಬಹಳ ಮಂದಿ ಬಲ್ಕಿಂಗ್ ಮುಗಿಸಿದ್ದಾರೆ. ಕಟಿಂಗ್‌ಗೆ ಒಳ್ಳೆ ಮುಹೂರ್ತ ನೋಡುತ್ತಿದ್ದಾರೆ.

ತೊಂದರೆ ಇರೋದು ಇಲ್ಲೇ. ಈ ದಾರಿಯಲ್ಲಿ ಮುಖ್ಯವಾದ ಕೆಲಸ ಕಮ್ಮಿ ತಿನ್ನೋದು. ತಿನ್ನದೇ ಬಿಟ್ಟ ಅರ್ಧ ಚಪಾತಿಯನ್ನು ಪ್ಯಾಕೆಟ್ ಮಾಡಿ, ಮೇಲೆ ಹೊಳೆಯುವ ಲೇಬಲ್ ಅಂಟಿಸಿ, ಜಿಎಸ್‌ಟಿ ಹಾಕಿ ಮಾರೋಕೆ ಆಗಲ್ಲ. ರಾತ್ರಿ ಹನ್ನೊಂದಕ್ಕೆ ಮಲಗೋದಕ್ಕೆ ಡಿಸ್ಕೌಂಟ್ ಕೂಪನ್ ಇಲ್ಲ. ಮಾರಾಟಕ್ಕೆ ಸಿಗೋದು ಪ್ರೋಟೀನ್ ಒಂದೇ. ಅಂದಮೇಲೆ ಪ್ರೋಟೀನೇ ಎಲ್ಲ.

ಬಿಸ್ಕೆಟ್ಟಿಗೆ ಪ್ರೋಟೀನ್ ಬಂತು. ಚಿಪ್ಸಿಗೆ ಬಂತು, ಐಸ್‌ಕ್ರೀಮಿಗೆ ಬಂತು, ಲಸ್ಸಿಗೂ ಬಂತು. 2024ರ ಡಿಸೆಂಬರಿನಲ್ಲಿ ನಮ್ಮ ಕೆಎಂಎಫ್ ವೇ ಅನ್ನೋ ಹಾಲಿನ ಪ್ರೋಟೀನ್ ಸೇರಿಸಿದ ನಂದಿನಿ ಇಡ್ಲಿ-ದೋಸೆ ಹಿಟ್ಟು ತಂದಿತು. ಸ್ವತಃ ಮುಖ್ಯಮಂತ್ರಿಗಳೇ ಬಿಡುಗಡೆ ಮಾಡಿದರು. ಹಿಟ್ಟಿನ ಮೇಲೆ ದ್ವೇಷವೇನಿಲ್ಲ. ಆದರೆ ಆ ದೋಸೆ ಕಾವಲಿ ಮೇಲೆ ಬಿದ್ದ ಕೂಡಲೇ ಬೆಣ್ಣೆ ಬಂದು ಕೂರುತ್ತದೆ, ಒಳಗೆ ಆಲೂಗಡ್ಡೆ ಪಲ್ಯ ಮಲಗುತ್ತದೆ, ಜೊತೆಗೆ ಒಂದು ವಡೆ ಇಲ್ಲದಿದ್ದರೆ ನೋಡಿದವರು ಏನಂದಾರು? ತಿಂದವನು ಮಾತ್ರ ಜಿಮ್ ಗ್ರೂಪಿನಲ್ಲಿ ಫೋಟೋ ಹಾಕುತ್ತಾನೆ: 'ಹೈ ಪ್ರೋಟೀನ್ ಬ್ರೇಕ್‌ಫಾಸ್ಟ್, ನೋ ಗಿಲ್ಟ್.'

2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆವು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಜೊತೆ ಸೇರಿ ಮೆಕ್‌ಡೊನಾಲ್ಡ್ಸ್ ಬರ್ಗರಿನೊಳಗೆ ಇಡುವ ಪ್ರೋಟೀನ್ ಸ್ಲೈಸ್ ತಂದಿತು. ಒಂದಕ್ಕೆ 5 ಗ್ರಾಂ ಪ್ರೋಟೀನ್, ಬೆಲೆ 25 ರೂಪಾಯಿ. ಈರುಳ್ಳಿ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬರ್ಗರು ತಿನ್ನುವ ಬಾಯಿಗೂ ಮಡಿ ಕಾಪಾಡಿದ್ದಾರೆ, ದೊಡ್ಡ ಮನಸ್ಸು. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ, ಬೆಲೆ ಏಳೆಂಟು ರೂಪಾಯಿ. ಕೋಳಿಗೆ ಮಾರ್ಕೆಟಿಂಗ್ ಗೊತ್ತಿಲ್ಲ.

ಹಾಗಂತ ಪ್ರೋಟೀನ್ ಮಾತೇ ಬರಿ ಓಳು ಅಂತ ತಳ್ಳಿಹಾಕುವುದೂ ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 65 ಕೆ.ಜಿ. ಮನುಷ್ಯನಿಗೆ ಸುಮಾರು 54 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ 1.6 ಗ್ರಾಂ ಸುತ್ತ ಇರಲಿ ಅಂತ ವ್ಯಾಯಾಮದ ಸಂಶೋಧಕರು ಹೇಳುತ್ತಾರೆ. ಅಂದರೆ ಅದೇ ಮನುಷ್ಯನಿಗೆ 104 ಗ್ರಾಂ. ಈಗ ನಮ್ಮ ತಟ್ಟೆ ನೋಡಿ. ಒಂದು ಗುಡ್ಡೆ ಅನ್ನ, ಅದರ ಮೇಲೆ ಬೇಳೆ ಎಲ್ಲಿದೆ ಅಂತ ಟಾರ್ಚ್ ಹಾಕಿ ಹುಡುಕಬೇಕಾದ ತಿಳಿಸಾರು, ಕೊನೆಗೆ ನೀರುಮಜ್ಜಿಗೆ. ಇಷ್ಟರಲ್ಲಿ ಹತ್ತು ಗ್ರಾಂ ಮುಟ್ಟುವುದೇ ಕಷ್ಟ. ಕೊರತೆ ನಿಜ. ಆದರೆ ಹುರುಳಿಕಾಳು, ತೊಗರಿಬೇಳೆ ನೂರು ಗ್ರಾಮಿಗೆ 22 ಗ್ರಾಂ ಸುಮಾರು ಕೊಡುತ್ತವೆ. ಸೋಯಾ ಚಂಕ್ಸ್ 50 ದಾಟುತ್ತದೆ. ಸಾರು ಸ್ವಲ್ಪ ಗಟ್ಟಿಯಾಗಲಿ, ಅನ್ನ ಒಂದು ಸೌಟು ಇಳಿಯಲಿ, ಮೊಟ್ಟೆಯೋ ಮೀನೋ ಮೊಸರೋ ಪಕ್ಕಕ್ಕೆ ಬರಲಿ. ಇಷ್ಟು ಹೇಳಿದರೆ ಯಾವ ಕೋಚ್ ತಿಂಗಳಿಗೆ ಐದು ಸಾವಿರ ಕೇಳೋಕಾಗುತ್ತೆ?

ಅದಕ್ಕೇ ಡಬ್ಬ. ಕುಕ್ಕರಿಗಿಂತ ದೊಡ್ಡದು, ಕಪ್ಪು ಬಣ್ಣ, ಮೇಲೆ ಸಿಡಿಲಿನ ಚಿತ್ರ. ಒಳಗಿರೋದು ವೇ. ಚೀಸ್ ಕಾರ್ಖಾನೆಗಳು ಒಂದು ಕಾಲದಲ್ಲಿ ಏನು ಮಾಡೋದು ಅಂತ ತಿಳಿಯದೆ ಹೊಳೆಗೆ ಬಿಡುತ್ತಿದ್ದ ತಿಳಿನೀರನ್ನು ಸೋಸಿ ಒಣಗಿಸಿದ ಪುಡಿ. ಮನೆಯಲ್ಲಿ ಹಾಲು ಒಡೆದರೆ ಅಜ್ಜಿ ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ನಮ್ಮ ತೆಂಗಿನಮರಕ್ಕೆ ಸಿಕ್ಸ್ ಪ್ಯಾಕ್ ಬರಲಿಲ್ಲ, ಅದು ಬೇರೆ ಮಾತು. ಒಳ್ಳೆಯ ವೇ ಪುಡಿ ನಿಜಕ್ಕೂ ಒಳ್ಳೆಯ ಪ್ರೋಟೀನೇ. ಡಬ್ಬದ ಮೇಲೆ ಬರೆದದ್ದು ಡಬ್ಬದೊಳಗೆ ಇದ್ದರೆ ಅಲ್ವಾ? 2024ರಲ್ಲಿ ಕೇರಳದ ವೈದ್ಯರ ತಂಡ ನಮ್ಮ ದೇಶದಲ್ಲಿ ಮಾರುವ 36 ಪುಡಿಗಳನ್ನು ಪರೀಕ್ಷೆ ಮಾಡಿಸಿತು. ಸುಮಾರು 70% ಪುಡಿಗಳಲ್ಲಿ ಲೇಬಲ್ಲಿನ ಲೆಕ್ಕ ತಪ್ಪಿತ್ತು. ಕೆಲವದರಲ್ಲಿ ಹೇಳಿದ್ದರ ಅರ್ಧದಷ್ಟೇ ಪ್ರೋಟೀನ್. ಅದೇ ವರ್ಷ ಪೋಷಣಾ ಸಂಸ್ಥೆಯವರು ಹೊಸ ಆಹಾರ ಸೂತ್ರಗಳಲ್ಲಿ, ಮೈ ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂದರು. ಆ ಪುಸ್ತಕದಲ್ಲಿ ಸಿಡಿಲಿನ ಚಿತ್ರ ಇರಲಿಲ್ಲ. ಯಾರೂ ಓದಲಿಲ್ಲ.

ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಮದುವೆ ಛತ್ರದಲ್ಲಿ. ಕಟಿಂಗ್‌ನಲ್ಲಿರುವ ಹುಡುಗ ಬಾಳೆಲೆ ಮುಂದೆ ಕೂತಿದ್ದಾನೆ. ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು, ಪಲ್ಯ ಬಂತು. ಅವನು ಜೇಬಿನಿಂದ ಅಂಗೈಯಗಲದ ತಕ್ಕಡಿ ತೆಗೆದು ಎಲೆ ತುದಿಯಲ್ಲಿ ಇಟ್ಟ. ಹೋಳಿಗೆ ಬಡಿಸುವವರು ತಟ್ಟೆ ಹಿಡಿದು ನಿಂತೇ ಬಿಟ್ಟರು.

'ಏನೋ ಅದು, ಚಿನ್ನ ತೂಗ್ತಿದ್ದೀಯಾ?' ಪಕ್ಕದ ಎಲೆಯ ದೊಡ್ಡಮ್ಮ.

'ಇಲ್ಲ ದೊಡ್ಡಮ್ಮ, ಮ್ಯಾಕ್ರೋಸ್ ನೋಡ್ಕೋತಿದ್ದೀನಿ.'

'ಯಾರ ಕಡೆಯವರಪ್ಪ ಅವರು? ಹೆಣ್ಣಿನ ಕಡೆಯವರಾ?'

ಮ್ಯಾಕ್ರೋಸ್ ಅಂದರೆ ಊಟದಲ್ಲಿರುವ ಪ್ರೋಟೀನ್, ಪಿಷ್ಟ, ಕೊಬ್ಬಿನ ಗ್ರಾಂ ಲೆಕ್ಕ. ಹೋಳಿಗೆ 92 ಗ್ರಾಂ ತೂಗಿತು. ತುಪ್ಪ ಹಾಕುವ ಮುಂಚೆ ತೂಗಬೇಕಿತ್ತೋ, ಹಾಕಿದ ಮೇಲೋ ಅಂತ ಚರ್ಚೆ ಶುರುವಾಯಿತು. ಆ್ಯಪಿನಲ್ಲಿ ಹುಡುಕಿದರೆ ಹೋಳಿಗೆಗೆ ನಾಲ್ಕು ಲೆಕ್ಕ ಸಿಕ್ಕಿತು, ಒಂದಕ್ಕೊಂದು ತಾಳೆ ಇಲ್ಲ. ಅಷ್ಟರಲ್ಲಿ ಬಡಿಸುವವರು ತಾಳ್ಮೆಗೆಟ್ಟು, 'ತಿನ್ನಿ ಸಾರ್, ಹಿಂದೆ ಎರಡನೇ ಪಂಕ್ತಿ ಕಾಯ್ತಿದೆ' ಅಂತ ಮತ್ತೊಂದು ಹಾಕಿ ಹೋದರು. ಕೊನೆಗೆ ಹುಡುಗ ಎರಡೂ ತಿಂದ. ಎಲೆಯಲ್ಲಿ ಇಡೀ ಊಟಕ್ಕೆ ಪ್ರೋಟೀನ್ ಅಂತ ಇದ್ದ ಹೆಸರುಬೇಳೆ ಕೋಸಂಬರಿಯನ್ನು ಹಾಗೇ ಬಿಟ್ಟು ಎದ್ದ. ಹೊರಗೆ ಹೋಗಿ ಬ್ಯಾಗಿನಿಂದ ಶೇಕರ್ ತೆಗೆದು ಗಡಗಡ ಅಲ್ಲಾಡಿಸಿದ. ನಾದಸ್ವರದವರು ಒಂದು ಕ್ಷಣ ತಾಳ ತಪ್ಪಿದರಂತೆ.

ಈ ಹುಚ್ಚು ತೀರಾ ಹಳೆಯದೂ ಅಲ್ಲ. 2007ರಲ್ಲಿ ಶಾರುಖ್ ಖಾನ್ ತೆರೆ ಮೇಲೆ ಅಂಗಿ ಬಿಚ್ಚಿದ ಮೇಲೆ ದೇಶದ ಹೀರೋಗಳಿಗೆಲ್ಲ ಗುಂಡಿ ಹಾಕೋದೇ ಮರೆತುಹೋಯಿತು. ಅಂಥ ದೃಶ್ಯಕ್ಕೆ ಮುಂಚೆ ಎಷ್ಟೋ ನಟರು ನೀರು ಕುಡಿಯೋದನ್ನೇ ಕಮ್ಮಿ ಮಾಡುತ್ತಾರೆ. ಚರ್ಮ ಸ್ನಾಯುವಿಗೆ ಅಂಟಿಕೊಂಡು ಗೆರೆ ಎದ್ದು ಕಾಣಲಿ ಅಂತ. ಅಂದರೆ ತೆರೆ ಮೇಲೆ ನೂರು ಜನರನ್ನು ಹೊಡೆದು ಹಾಕುವ ಹೀರೋಗೆ, ನಿಜದಲ್ಲಿ ಆ ಹೊತ್ತು ತಲೆ ಸುತ್ತುತ್ತಿರುತ್ತದೆ. ಹಾಗೆ ಒಂದು ದಿನಕ್ಕೆಂದು ತಯಾರಾದ ಹೊಟ್ಟೆಯನ್ನು ನಮ್ಮ ಹುಡುಗರು ವರ್ಷವಿಡೀ ಇಟ್ಟುಕೊಳ್ಳಲು ಹೊರಟಿದ್ದಾರೆ.

ಮೈಸೂರು ಗರಡಿಗಳ ಪೈಲ್ವಾನರನ್ನು ನೋಡಿ. ದಸರಾ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವವರಲ್ಲಿ ಎಷ್ಟೋ ಜನರಿಗೆ ಒಂದು ಪ್ಯಾಕೂ ಕಾಣಲ್ಲ. ಹಾಲು, ಬಾದಾಮಿ, ತುಪ್ಪ ಉಂಡ ಗಟ್ಟಿ ಹೊಟ್ಟೆ. ಅವರಿಗೆ ಯಾರಾದರೂ ಆನ್‌ಲೈನ್ ಕೋಚು, 'ಅಣ್ಣಾ, ನಿಮ್ಮ ಬಾಡಿ ಫ್ಯಾಟ್ ಜಾಸ್ತಿ' ಅಂತ ಎದುರಿಗೆ ನಿಂತು ಹೇಳಲಿ, ನೋಡೋಣ. ಶ್ರವಣಬೆಳಗೊಳಕ್ಕೂ ಹೋಗಿ ಬನ್ನಿ. ಕ್ರಿ.ಶ. 981ರ ಹೊತ್ತಿಗೆ ಚಾವುಂಡರಾಯ ಕೆತ್ತಿಸಿದ ಗೊಮ್ಮಟ, 58 ಅಡಿ ಎತ್ತರ. ಅಣ್ಣ ಭರತನನ್ನು ಮಲ್ಲಯುದ್ಧದಲ್ಲಿ ಗೆದ್ದವನು. ಆಮೇಲೆ ವರ್ಷಪೂರ್ತಿ ಅನ್ನ ನೀರು ಬಿಟ್ಟು ನಿಂತವನು ಅಂತ ಕಥೆ. ಅದಕ್ಕಿಂತ ದೊಡ್ಡ ಕ್ಯಾಲೊರಿ ಡೆಫಿಸಿಟ್ ಚರಿತ್ರೆಯಲ್ಲೇ ಇಲ್ಲ. ಶಿಲ್ಪಿ ತೊಡೆಯ ಮೇಲೆ ಹಬ್ಬಿದ ಬಳ್ಳಿಯ ಎಲೆಯನ್ನೂ ಬಿಡದೆ ಕೆತ್ತಿದ್ದಾನೆ. ಹೊಟ್ಟೆಯನ್ನು ಮಾತ್ರ ನುಣ್ಣಗೆ ಬಿಟ್ಟಿದ್ದಾನೆ. ಕಲ್ಲಿಗೆ ಬರವಿರಲಿಲ್ಲ, ಉಳಿಗೂ ಬರವಿರಲಿಲ್ಲ.

ಇಷ್ಟರ ನಡುವೆ ನಿಜವಾಗಿ ಯೋಚಿಸಬೇಕಾದ ಹೊಟ್ಟೆ ಬೇರೆಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದುದ್ದಕ್ಕೂ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ 39.5% ಜನರಿಗೆ ಹೊಟ್ಟೆಯ ಬೊಜ್ಜು ಇತ್ತು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟದಿದ್ದರೆ ಒಳ್ಳೆಯದು ಅಂತ ನಮ್ಮ ವೈದ್ಯರು ಹೇಳುತ್ತಾರೆ. ಟೈಲರ್ ಟೇಪು ಸಾಕು, ಎರಡು ನಿಮಿಷದ ಕೆಲಸ. ಆದರೆ 89 ಸೆಂ.ಮೀ. ಸೊಂಟಕ್ಕೆ ರೀಲ್ಸ್‌ನಲ್ಲಿ ಲೈಕ್ ಬೀಳಲ್ಲ.

ಇನ್ನು ಮೊಟ್ಟೆಯ ವಿಷಯ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗದ್ದಲ ಎದ್ದಿತು, ನೆನಪಿದೆಯಾ? ಕೆಲವು ಮಠಾಧೀಶರು ಸಿಟ್ಟಾದರು. ಟೀವಿಯಲ್ಲಿ ಚರ್ಚೆಯಾಯಿತು. ಅಪೌಷ್ಟಿಕತೆ ಜಾಸ್ತಿ ಇರುವ ಜಿಲ್ಲೆಗಳ ಮಕ್ಕಳ ಆರು ಗ್ರಾಂ ಪ್ರೋಟೀನ್ ಇಡೀ ರಾಜ್ಯದ ಸಂಸ್ಕೃತಿಯ ಪ್ರಶ್ನೆಯಾಯಿತು. ಬೇಡದವರಿಗೆ ಬಾಳೆಹಣ್ಣು ಇದ್ದರೂ ಗದ್ದಲ ನಿಲ್ಲಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಟ್ಟ ಮೇಲೆ ವಾರಕ್ಕೆ ಆರು ಮೊಟ್ಟೆಯಾಯಿತು. ಸರ್ಕಾರಿ ಶಾಲೆಯಲ್ಲಿ ಸಿಗುವ ಸಿಕ್ಸ್ ಪ್ಯಾಕ್ ಇದೊಂದೇ. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಊರಲ್ಲಿ ಇದೇ ಮೊಟ್ಟೆ ಬೇಡ ಅಂತ ಹಲವು ಪೋಷಕರು ಮಕ್ಕಳ ಟಿಸಿ ತೆಗೆಸಿಕೊಂಡು ಬೇರೆ ಶಾಲೆಗೆ ಸೇರಿಸಿದರು.

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದೇ ಆರು ಮೊಟ್ಟೆ 'ಹೈ ಪ್ರೋಟೀನ್' ಅಂತ ಬರೆದ ಡಬ್ಬದಲ್ಲಿ ಹತ್ತು ನಿಮಿಷಕ್ಕೆ ಬರುತ್ತದೆ. ತಿನ್ನುವವನು ಹಳದಿ ಭಾಗ ತೆಗೆದು ಸಿಂಕಿಗೆ ಹಾಕುತ್ತಾನೆ. ಒಂದು ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು 40% ಆ ಹಳದಿಯಲ್ಲೇ ಇದೆ. ಕಮ್ಮಿ ಬಿದ್ದ ಲೆಕ್ಕ ತುಂಬಿಸಲು ಅವನು ಅದೇ ಆ್ಯಪಿನಲ್ಲಿ ಪ್ರೋಟೀನ್ ಬಾರ್ ಆರ್ಡರ್ ಮಾಡುತ್ತಾನೆ. ಇದಕ್ಕೆ ಯಾವ ಸ್ವಾಮೀಜಿಗಳೂ ಸಿಟ್ಟಾಗಿಲ್ಲ, ಯಾರೂ ಟಿಸಿ ಕೇಳಿಲ್ಲ. ಡೆಲಿವರಿ ಚಾರ್ಜ್ ಮಾತ್ರ 35 ರೂಪಾಯಿ.