ಸ್ಪಷ್ಟನೆ: ಪೆನೆಲೊಪಿ ಸುಮ್ನೆ ಅಳುತ್ತಾ ಕೂತವಳಲ್ಲ

ಪ್ರಾಚೀನ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದಲ್ಲಿ ಪೆನೆಲೊಪಿ, ಯುದ್ಧಕ್ಕೆ ಹೋದ ಗಂಡ ಒಡಿಸಿಯಸ್‌ಗಾಗಿ 20 ವರ್ಷ ಅಳುತ್ತಾ ಕೂತಿದ್ದಳು, ಅಷ್ಟೇ ಎಂಬ ಮಾತು ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ಅವಳು ಅಳುತ್ತಾಳೆ. ಒಳಗೆ ಹೋಗಿ ಮಗ್ಗ ನೋಡಿಕೋ, ಮಾತು ಗಂಡಸರಿಗಿರಲಿ ಎಂದು ಮಗ ಟೆಲಿಮಾಕಸ್ ಹೇಳಿದಾಗ ಎದ್ದೂ ಹೋಗುತ್ತಾಳೆ.

ಆದರೆ ಆಟ ಕಟ್ಟಿದ್ದು ಅದೇ ಮಗ್ಗದಲ್ಲಿ. ತನ್ನನ್ನು ಮದುವೆಯಾಗು ಎಂದು ಕಾಡುತ್ತಿದ್ದ ಗಂಡಸರಿಗೆ, ಮಾವನ ಹೆಣಕ್ಕೆ ಹೊದಿಸುವ ಬಟ್ಟೆ ನೇಯ್ದು ಮುಗಿಯಲಿ, ಆಮೇಲೆ ಮದುವೆ ಎಂದಳು. (ಮಾವ ಇನ್ನೂ ಬದುಕೇ ಇದ್ದ!) ಹಗಲು ನೇಯ್ದಳು, ರಾತ್ರಿ ಪಂಜಿನ ಬೆಳಕಲ್ಲಿ ಬಿಚ್ಚಿದಳು. ನೂರಕ್ಕೂ ಜಾಸ್ತಿ ಗಂಡಸರು 3 ವರ್ಷ ಏಮಾರಿದರು.

ಗಂಡ ಬಂದಾಗಲೂ ಸುಲಭಕ್ಕೆ ನಂಬಲಿಲ್ಲ. ಅವನ ಮಂಚವನ್ನು ಹೊರಗೆ ಹಾಕು ಎಂದು ದಾಸಿಗೆ ಹೇಳಿದಳು. ಬೇರು ಬಿಟ್ಟ ಆಲಿವ್ ಮರದ ಬೊಡ್ಡೆಯನ್ನೇ ಕಾಲಾಗಿ ಕೆತ್ತಿದ ಮಂಚ ಅದು, ಅಲುಗಾಡೋದೇ ಇಲ್ಲ. ಒಡಿಸಿಯಸ್ ರೇಗಿ, ಬೇರೆ ಗಂಡಸರಿಗೆ ಗೊತ್ತಿಲ್ಲದ ಆ ಗುಟ್ಟು ಬಾಯಿಬಿಟ್ಟ. ಆಮೇಲೆಯೇ ಅಪ್ಪಿಕೊಂಡಳು.