ರಸ್ತೆ ಕಿತ್ತೋದ್ರೆ ಬರೀ ಮಳೆನೇ ಬೈಬೇಡಿ

ಮಳೆ ಬಂತು ರಸ್ತೆ ಹೋಯ್ತು ಅಂತ ಎಲ್ರೂ ಮಳೆಗೇ ಶಾಪ ಹಾಕ್ತಾರೆ. ಪೀಣ್ಯ ಕಡೆ ಒಂದು ಮಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಕೆಲಸ ಮಾಡೋ ನನ್ನ ಹೊಟ್ಟೆಉರಿ ಬೇರೆ.

ನಮ್ಮ ಹತ್ರ ಜಾಸ್ತಿ ಮಾಡ್ಸೋದು ಸ್ಟ್ರಿಪ್ಪಿಂಗ್ ಟೆಸ್ಟು, ಅಂದ್ರೆ ನೀರಿಗೆ ಜಲ್ಲಿಯಿಂದ ಡಾಂಬರು ಎಷ್ಟು ಬಿಟ್ಕೊಳ್ಳುತ್ತೆ ಅಂತ ನೋಡೋದು. ಡಾಂಬರು ಮೆತ್ತಿದ ಜಲ್ಲಿನ ಬೀಕರಲ್ಲಿ ಹಾಕಿ 40 ಡಿಗ್ರಿ ನೀರಲ್ಲಿ 24 ಗಂಟೆ ಇಟ್ಟು, ಆಮೇಲೆ 95 ಪರ್ಸೆಂಟ್ ಕೋಟಿಂಗ್ ಉಳಿದಿದ್ಯಾ ಅಂತ ಬರ್ಕೊಳೋದು. ಅದೂ ಬರೀ ಕಣ್ಣಲ್ಲಿ ನೋಡಿ! 95ಕ್ಕೂ 90ಕ್ಕೂ ಏನ್ ವ್ಯತ್ಯಾಸ ಅಂತ ನಂಗಂತೂ ಇವತ್ತಿಗೂ ಕಾಣಲ್ಲ.

ಅಸಲಿ ಪರೀಕ್ಷೆ ಟಿಎಸ್‌ಆರ್ (ಟೆನ್ಸೈಲ್ ಸ್ಟ್ರೆಂತ್ ರೇಶಿಯೋ), ನೀರಲ್ಲಿ ನೆಂದ್ಮೇಲೆ ಎಷ್ಟು ಬಲ ಉಳಿಯುತ್ತೆ ಅನ್ನೋ ಲೆಕ್ಕ. ಜಲ್ಲಿ-ಡಾಂಬರು ಮಿಕ್ಸಲ್ಲಿ ಸುಮಾರು 7 ಪರ್ಸೆಂಟ್ ಗಾಳಿ ಉಳಿಯೋ ಹಾಗೆ ಬಿಲ್ಲೆ ಒತ್ತಿ, ಅರ್ಧದಷ್ಟು ಬಿಲ್ಲೆಗಳನ್ನ ಒಣಗಿದ್ದು ಹಂಗೇ ಇಟ್ಕೊಂಡು, ಉಳಿದ ಬಿಲ್ಲೆಗಳಿಗೆ ವ್ಯಾಕ್ಯೂಮ್ ಎಳೆದು ನೀರು ಕುಡಿಸಿ, ಮೈನಸ್ 18ರಲ್ಲಿ 16 ಗಂಟೆ ಫ್ರೀಜ್ ಮಾಡಿ, ಆಮೇಲೆ 60 ಡಿಗ್ರಿ ನೀರಲ್ಲಿ ಒಂದಿನ ನೆನೆಸಿ, ಕೊನೆಗೆ ಎಲ್ಲಾನೂ 25 ಡಿಗ್ರಿಗೆ ತಂದು ಮಗ್ಗುಲಾಗಿ ನಿಲ್ಸಿ ಒತ್ತಿ ಸೀಳೋದು. ನೆಂದಿದ್ದಕ್ಕೆ ಒಣಗಿದ್ದರ 80 ಪರ್ಸೆಂಟ್ ಬಲ ಆದ್ರೂ ಇರ್ಬೇಕು.

ಬೆಂಗಳೂರಲ್ಲಿ ಹಿಮ ಬೀಳುತ್ತಾ ಅಂತ ನಮ್ಮ ಭಾವ ನಗ್ತಾರೆ. ಬೀಳಲ್ಲ ಭಾವ, ಆದ್ರೆ ಐಸ್ ಆದಾಗ ನೀರು ಉಬ್ಬಿ ಜಲ್ಲಿ ಡಾಂಬರು ಮಧ್ಯೆ ನುಗ್ಗುತ್ತೆ, ವರ್ಷಗಟ್ಲೆ ಮಳೆ ಟ್ರಾಫಿಕ್ ಮಾಡೋ ಕೆಲಸ ಎರಡು ದಿನದಲ್ಲಿ ಬೇಗ ಕಾಣಿಸ್ಬೇಕಲ್ಲ.

ಸೀಳಿದ ಬಿಲ್ಲೆ ಒಳಗಡೆ ನೋಡ್ಬೇಕು ನೀವು. ಒಣಗಿದ್ದು ಕರಿ ಒಬ್ಬಟ್ಟಿನ ಹಾಗೆ ಒಂದೇ ಕಪ್ಪು, ನೆಂದಿದ್ದರಲ್ಲಿ ಕೆಲವು ಸಲ ಸಿಪ್ಪೆ ಸುಲಿದ ಕಡಲೆಬೀಜದ ಹಾಗೆ ಬೂದು ಕಲ್ಲು ಇಣುಕುತ್ತೆ. ನಮ್ಮ ಕಡೆ ಸಿಗೋದು ಗ್ರಾನೈಟ್ ಜಾತಿ ಕಲ್ಲು, ಸಿಲಿಕಾ ಜಾಸ್ತಿ, ಡಾಂಬರಿಗಿಂತ ನೀರೇ ಅದಕ್ಕೆ ಹತ್ತಿರದ ನೆಂಟ. 1-2 ಪರ್ಸೆಂಟ್ ಸುಣ್ಣದ ಪುಡಿನೋ, ಸ್ಟ್ರಿಪ್ಪಿಂಗ್ ತಡಿಯೋ ಕೆಮಿಕಲ್ಲೋ ಹಾಕಿದ್ರೆ ಎಷ್ಟೋ ಸುಧಾರಿಸುತ್ತೆ.

ಆದ್ರೆ ನನ್ನ ತಕರಾರು ಇಷ್ಟೇ: ಲ್ಯಾಬಿಗೆ ಬರೋ ಸ್ಯಾಂಪಲ್ ಮದುವಣಗಿತ್ತಿ ಥರ ರೆಡಿಯಾಗಿ ಬರುತ್ತೆ. ರಸ್ತೆಗೆ ಹೋಗೋದು ಬೇರೆ, ತಣ್ಣಗಾಗಿರೋ ಮಿಕ್ಸು, ಅರ್ಧಂಬರ್ಧ ರೋಲರು. ಗಾಳಿ ಜಾಸ್ತಿ ಉಳಿದ್ರೆ ನೀರಿಗೆ ದಾರಿ ನಾವೇ ಮಾಡ್ಕೊಟ್ಟ ಹಾಗೆ. ಟೆಸ್ಟ್ ಮಾಡೋದಾದ್ರೆ ಲಾರಿಯಿಂದ ತಗೊಳ್ಳಿ, ಹಾಕಿದ್ಮೇಲೆ ರಸ್ತೆಯಿಂದಲೇ ಕೋರ್ (ಕೊರೆದು ತೆಗೆಯೋ ದುಂಡನೆ ತುಂಡು) ಕತ್ತರಿಸಿ ನೋಡಿ.

ಹೋದ ತಿಂಗಳು ನಮ್ಮ ಬೀದಿಗೆ ಟಾರ್ ಹಾಕ್ತಿದ್ರು. ಒಂದು ಬಾಂಡ್ಲಿ ಮಿಕ್ಸ್ ಕೊಡಿ ಸಾರ್ ಅಂದೆ. ಸೂಪರ್‌ವೈಸರ್ ಒಂದ್ಸಲ ನನ್ನ, ಒಂದ್ಸಲ ನಮ್ಮನೆ ಗೇಟ್ ನೋಡಿ, "ಸ್ಲೋಪ್‌ಗಾ ಸಾರ್? ಇರಿ, ಹುಡುಗ್ರಿಗೆ ಹೇಳಿ ನಾಲ್ಕು ಬಾಂಡ್ಲಿ ಹಾಕ್ಸಿಕೊಡ್ತೀನಿ" ಅಂದ್ರು.